ಪ್ರಶ್ನೆ ಚೀಟಿಯಲ್ಲಿ, ಉತ್ತರ ಮುಂದಿನ ಭಾನುವಾರ

ಧರ್ಮದ ಬಗ್ಗೆ ಮಕ್ಕಳು ಚೀಟಿ ಬರೆದು ಹಾಕುವ ಪ್ರಶ್ನೆಯ ಡಬ್ಬಿ ಇಟ್ಟರೆ ಅವರ ವಿಶ್ವಾಸ ಹಾಳಾಗುತ್ತದೆ ಎಂದು ನಮ್ಮ ವಾರ್ಡಿನ ಮುಖಂಡರಾದ ಗುರ್ಕಾರರೇ ಹೇಳಿದ್ದರು. ಈಗ ಅವರ ಮನೆಯಿಂದಲೂ ಚೀಟಿ ಬರುತ್ತದೆ. ಉಡುಪಿ ಕಡೆಯ ನಮ್ಮ ಕ್ಯಾಥೋಲಿಕ್ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಇದು ಸುಮಾರು ಮೂರು ವರ್ಷದಿಂದ ನಿಲ್ಲದೆ ನಡೆಯುತ್ತಿದೆ. ದೊತೊರ್ನ್ (ಮಕ್ಕಳ ಧರ್ಮಪಾಠ) ಕಲಿಸುವ ಕೆಲವರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ವಿಚಾರಗೋಷ್ಠಿ ಮಾಡಿದ್ದೆವು. ಹಾಲ್, ಮೈಕ್, ಭಾಷಣಕಾರರ ಕಾರಿನ ಬಾಡಿಗೆ, ಚಹಾ, ಬನ್ಸ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಬಂದವರು ಮೂವತ್ತು ಜನ ಇರಬಹುದು. ಬಾಯಿ ಬಿಟ್ಟವರು ಇಬ್ಬರು, ಅವರೂ ಉತ್ತರ ಗೊತ್ತಿದ್ದ ಹಿರಿಯರೇ. ಆಮೇಲೆ ಬಣ್ಣದ ಕರಪತ್ರ ಸಾವಿರ ಪ್ರತಿ ಹಾಕಿಸಿದೆವು. ಅರ್ಧ ಕಟ್ಟು ಇನ್ನೂ ಕಪಾಟಿನಲ್ಲಿದೆ. ಯಾರೂ ಕೇಳದ ಪ್ರಶ್ನೆಯ ಉತ್ತರ ಯಾರಿಗೆ ಬೇಕು?

ಈಗ ಮಾಡುವುದು ಇಷ್ಟೇ. ಹೆಸರಿಲ್ಲದ ಚೀಟಿ, ವಾರಕ್ಕೆ ಒಂದೇ ಪ್ರಶ್ನೆ, ಪೂಜೆ ಮುಗಿದ ಮೇಲೆ ಇಪ್ಪತ್ತು ನಿಮಿಷ. ಬೈಬಲಿನ ವಚನವನ್ನು ಮಕ್ಕಳೇ ತೆಗೆದು ಓದಬೇಕು. ಕೊನೆಗೆ ಒಂದು ಪುಟದ ಜೆರಾಕ್ಸ್. ತಿಂಗಳಿಗೆ ಐನೂರು ರೂಪಾಯಿಗಿಂತ ಜಾಸ್ತಿ ಆದದ್ದು ನೆನಪಿಲ್ಲ.

ಜಾಸ್ತಿ ಬರುವುದು ಪ್ರತಿಮೆಯ ಪ್ರಶ್ನೆ. ವಿಗ್ರಹ ಮಾಡಬಾರದೆಂಬ ಆಜ್ಞೆ ಇದೆ, ಆದರೂ ಇಗರ್ಜಿ ತುಂಬ ಸಂತರ ಪ್ರತಿಮೆ ಯಾಕೆ? ಬೈಬಲಿನ ವಿಮೋಚನಾಕಾಂಡದಲ್ಲಿ ಆ ಆಜ್ಞೆ ಇರುವ 20ನೇ ಅಧ್ಯಾಯ ಓದಿಸಿ, ಕೂಡಲೇ 25ನೆಯದನ್ನು ತೆಗೆಸುತ್ತೇನೆ. ಅಲ್ಲಿ ದೇವರೇ ಮಂಜೂಷದ (ಆಜ್ಞೆಗಳನ್ನಿಟ್ಟ ಪವಿತ್ರ ಪೆಟ್ಟಿಗೆಯ) ಮೇಲೆ ಚಿನ್ನದ ಕೆರೂಬಿಗಳನ್ನು (ರೆಕ್ಕೆಯ ದೇವದೂತರನ್ನು) ಮಾಡಲು ಹೇಳುತ್ತಾರೆ. ಹಾಗಾದರೆ ಬೇಡ ಎಂದದ್ದು ಏನನ್ನು? ಇಲ್ಲಿಂದ ಮುಂದೆ ಮಕ್ಕಳೇ ಮಾತಾಡುತ್ತಾರೆ. 787ರಲ್ಲಿ ನಿಕೇಯದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯ ಮಾತನ್ನು ಕೊನೆಗೆ ಹೇಳಿದರೆ ಸಾಕು: ಚಿತ್ರಕ್ಕೆ ಕೊಟ್ಟ ಗೌರವ ಚಿತ್ರದಲ್ಲಿರುವವರಿಗೆ ಸೇರುತ್ತದೆ, ಆರಾಧನೆ ದೇವರಿಗೆ ಮಾತ್ರ.

ಯೇಸು ಹುಟ್ಟಿದ್ದು ಡಿಸೆಂಬರ್ 25ರಂದೇನಾ ಎಂಬ ಪ್ರಶ್ನೆಗೆ ಐದು ನಿಮಿಷ ಸಾಕು. ಸುವಾರ್ತೆಯಲ್ಲಿ ತಾರೀಕಿಲ್ಲ, ರೋಮಿನಲ್ಲಿ ಆ ದಿನದ ದಾಖಲೆ ಸಿಗುವುದು 4ನೇ ಶತಮಾನದಲ್ಲಿ. ಇದನ್ನು ನೇರವಾಗಿ ಒಪ್ಪಿಕೊಂಡರೆ ಯಾರ ವಿಶ್ವಾಸವೂ ಅಲುಗುವುದಿಲ್ಲ.

ನನ್ನನ್ನು ನಿದ್ದೆಗೆಡಿಸಿದ ಚೀಟಿ ಬೇರೆ. "ನನ್ನ ಗೆಳತಿ ಹಿಂದೂ. ಪ್ರತಿ ವರ್ಷ ಅತ್ತೂರಿಗೆ ಬಂದು ಮೇಣದ ಬತ್ತಿ ಹಚ್ಚುತ್ತಾಳೆ. ಅವಳು ನರಕಕ್ಕೆ ಹೋಗುತ್ತಾಳಾ?" ಅತ್ತೂರು ಎಂದರೆ ಕಾರ್ಕಳದ ಹತ್ತಿರದ ಸಂತ ಲಾರೆನ್ಸರ ಇಗರ್ಜಿ. ಈ ಪ್ರಶ್ನೆಗೆ ಮಾತ್ರ ಒಂದು ವಾರ ಜಾಸ್ತಿ ತೆಗೆದುಕೊಂಡೆ. ನಮ್ಮ ಧರ್ಮಸಭೆಯ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ: ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಹುಡುಕಿ, ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಿಗಬಹುದು. ಇದನ್ನು ಓದುತ್ತಿದ್ದ ಹಾಗೆ ಹಿಂದಿನ ಬೆಂಚಿನ ಹುಡುಗ, "ಹಾಗಾದರೆ ನಾವು ಕ್ರೈಸ್ತರಾಗಿ ಏನು ಲಾಭ ಸರ್?" ಎಂದ. ಲಾಭದ ಮಾತಲ್ಲ ಮಗಾ, ಆ ರಕ್ಷಣೆಯೂ ಕ್ರಿಸ್ತನಿಂದಲೇ ಬರುತ್ತದೆಂದು ನಾವು ನಂಬುತ್ತೇವೆ, ಆತನನ್ನು ಹೆಸರು ಹಿಡಿದು ಕರೆಯುವ ಭಾಗ್ಯ ನಮಗೆ ಸಿಕ್ಕಿದೆ ಎಂದೆ. ಇಪ್ಪತ್ತು ನಿಮಿಷದ್ದು ಒಂದು ಗಂಟೆ ನಡೆಯಿತು. ಯಾರೂ ಏಳಲಿಲ್ಲ.

ನಡುವೆ ವಾಟ್ಸಾಪ್ ಧ್ವನಿ ಸಂದೇಶವನ್ನೂ ಮಾಡಿ ನೋಡಿದೆ. ಅಜ್ಜಿಯಂದಿರು ಪೂರ್ತಿ ಕೇಳಿದರು, ಹುಡುಗರು ಕೇಳಲಿಲ್ಲ. ಮಂಗಳೂರಿನ ಬಲ್ಮಠ ಕಡೆಯ ಒಬ್ಬ ಪ್ರೊಟೆಸ್ಟೆಂಟ್ ಗೆಳೆಯರ ಜೊತೆ ಸೇರಿ, ನಮ್ಮ ಬೈಬಲಿನಲ್ಲಿ 73 ಪುಸ್ತಕ, ಅವರದ್ದರಲ್ಲಿ 66 ಯಾಕೆ ಎಂದು ಒಂದೇ ಪುಟದಲ್ಲಿ ಬರೆದೆವು. ಎರಡೂ ಕಡೆಯವರು ಅದನ್ನು ಕೇಳಿ ಪಡೆದರು.

ಡಬ್ಬಿ ಖಾಲಿ ಇದ್ದ ಮೊದಲ ವಾರಗಳಲ್ಲಿ ಹುಡುಗರಿಂದ ಚೀಟಿ ಬರೆಸಿದ್ದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಒಂದು ಭಾನುವಾರ ಬಂದು ಕುಳಿತರೆ ಗೊತ್ತಾಗುತ್ತದೆ.