ಎದುರಾಳಿಗೆ ಅಪಾಯ ಹೇಳಬೇಕೆ? ಹೊಸಬರ ಜೊತೆ ಆಡುವಾಗ ನಾನು ಪಾಲಿಸುವ ಕ್ರಮ

ಚೆಸ್‌ನಲ್ಲಿ ಎದುರಾಳಿಯ ರಾಜನ ಮೇಲೆ ದಾಳಿ ಮಾಡಿದಾಗ "ಚೆಕ್" ಅನ್ನಲೇಬೇಕು ಎಂದು ಬಹಳ ಜನ ನಂಬಿದ್ದಾರೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಗಳಲ್ಲಿ ಅಂಥ ಕಡ್ಡಾಯವಿಲ್ಲ. ಎದುರಾಳಿಯ ಗಮನ ಕೆಡಿಸಬಾರದು ಎಂಬ ನಿಯಮ ಮಾತ್ರ ಇದೆ. ಮನೆಯಲ್ಲಿ ಕಲಿತ ಮಕ್ಕಳು ಮೊದಲ ಟೂರ್ನಿಯಲ್ಲಿ ಎಡವುವುದು ಇಲ್ಲೇ. ಚೆಕ್ ಇದ್ದಿದ್ದರೆ ಎದುರಿನವರು ಹೇಳುತ್ತಿದ್ದರು ಅಂದುಕೊಂಡು ಬೇರೆ ಯಾವುದೋ ಕಾಯಿ ನಡೆಸಿ ಗಡಿಯಾರ ಒತ್ತಿಬಿಡುತ್ತಾರೆ. ಅದು ನಿಯಮಬಾಹಿರ ನಡೆ. ದೀರ್ಘ ಸಮಯದ ಕ್ಲಾಸಿಕಲ್ ಮತ್ತು ಅದಕ್ಕಿಂತ ವೇಗದ ರ‍್ಯಾಪಿಡ್‌ನಲ್ಲಿ ಎದುರಾಳಿಗೆ 2 ನಿಮಿಷ, ಅತಿ ವೇಗದ ಬ್ಲಿಟ್ಜ್‌ನಲ್ಲಿ 1 ನಿಮಿಷ ಹೆಚ್ಚುವರಿ ಸಿಗುತ್ತದೆ. ಅದೇ ಆಟದಲ್ಲಿ ಎರಡನೇ ಸಲ ಆದರೆ ಸಾಮಾನ್ಯವಾಗಿ ಆಟವೇ ಹೋಯಿತು. ಇನ್ನೊಂದು ಪೆಟ್ಟೂ ಇದೆ: ಮುಟ್ಟಿದ ಕಾಯಿಯಿಂದಲೇ ಚೆಕ್ ತಪ್ಪಿಸಲು ಸಾಧ್ಯವಿದ್ದರೆ ಅದನ್ನೇ ನಡೆಸಬೇಕು. ಮುಟ್ಟಿದ್ದು ಮಂತ್ರಿಯಾಗಿದ್ದರೆ ಅದನ್ನೇ ಅಡ್ಡ ಇಟ್ಟು ಕಳೆದುಕೊಳ್ಳಬೇಕಾಗಬಹುದು.

ಆದರೂ ಕಲಿಯುವವರ ಜೊತೆ ಬಾಯಿ ಮುಚ್ಚಿಕೊಂಡು ಆಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಟನೇ ನಡೆಯಲ್ಲಿ ಮಂತ್ರಿ ಹೋದ ಆಟದಿಂದ ಇಬ್ಬರೂ ಏನೂ ಕಲಿಯುವುದಿಲ್ಲ. ಪ್ರಶ್ನೆ ಇರುವುದು ಯಾವುದನ್ನು, ಎಲ್ಲಿಯವರೆಗೆ ಹೇಳಬೇಕು ಎಂಬುದರಲ್ಲಿ.

ಮೊದಲು ಗಡಿ ಹಾಕಿಕೊಳ್ಳಬೇಕು. ನನ್ನ ಅಳತೆ ಇದು: ಈಗಲೇ ಇನ್ನೊಂದು ನಡೆ ನನಗೇ ಸಿಕ್ಕರೆ, ಆ ಒಂದರಲ್ಲೇ ಆಟ ಮುಗಿಸಬಹುದೇ, ಕಾವಲಿಲ್ಲದ ಕಾಯಿ ಹೊಡೆಯಬಹುದೇ, ಅಥವಾ ಸಣ್ಣ ಕಾಯಿಯಿಂದ ದೊಡ್ಡದನ್ನು ಹೊಡೆಯಬಹುದೇ? ಹೌದಾದರೆ ಹೇಳುತ್ತೇನೆ. ಎರಡು ನಡೆ ಆಚೆಗಿನದು ನನ್ನ ಯೋಜನೆ, ಅದನ್ನು ಹೇಳುವುದಿಲ್ಲ. ಈ ಗಡಿಯನ್ನು ಆಟಕ್ಕೆ ಮುಂಚೆಯೇ ಇಬ್ಬರೂ ಒಪ್ಪಿಕೊಳ್ಳಬೇಕು, ಯಾಕೆಂದರೆ ಹೇಳುವ ಅಭ್ಯಾಸ ಶುರುವಾದ ಕ್ಷಣದಿಂದ ಮೌನಕ್ಕೂ ಅರ್ಥ ಬರುತ್ತದೆ. ನೀವು ಸುಮ್ಮನಿದ್ದರೆ "ಅಪಾಯವಿಲ್ಲ" ಎಂದೇ ಎದುರಿನವರು ಓದಿಕೊಳ್ಳುತ್ತಾರೆ. ಹತ್ತು ಸಲ ಹೇಳಿ ಹನ್ನೊಂದನೆಯದನ್ನು ಮರೆತರೆ, ಅವರಿಗೆ ಅದು ಮೋಸದಂತೆಯೇ ಕಾಣುತ್ತದೆ.

ಕ್ರಮ ಹೀಗೆ. ಮೊದಲ 5 ಆಟಗಳಲ್ಲಿ ಅಪಾಯ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತೇನೆ. ಮುಂದಿನ 5ರಲ್ಲಿ "ಒಂದು ಇದೆ" ಅಂತಷ್ಟೇ. ಹುಡುಕುವುದು ಅವರ ಕೆಲಸ. ಆಮೇಲೆ ಅವರ ಕೈಗೆ 3 ಹುಣಸೆಬೀಜ ಕೊಡುತ್ತೇನೆ. ಒಂದು ಬೀಜ ಕೊಟ್ಟು "ಅಪಾಯ ಇದೆಯಾ?" ಎಂದು ಕೇಳಬಹುದು, ಉತ್ತರ ಇದೆ ಅಥವಾ ಇಲ್ಲ, ಅಷ್ಟೇ. ಈ ಮೂರನೇ ಹಂತವೇ ಎಲ್ಲಕ್ಕಿಂತ ಮುಖ್ಯ. ಎಲ್ಲಿ ಕೇಳಬೇಕು ಎಂದು ತೀರ್ಮಾನಿಸಲು ಹಲಗೆಯನ್ನು ತಾವೇ ಓದಬೇಕಾಗುತ್ತದೆ. ಬೀಜ ಕೊಟ್ಟ ನಡೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟು, ಆಟ ಮುಗಿದ ಮೇಲೆ ಆ ಮೂರು ಸ್ಥಿತಿಗಳನ್ನು ಮತ್ತೆ ಜೋಡಿಸಿ ನೋಡುತ್ತೇವೆ. ಬೀಜ ಮಿಕ್ಕಲು ಶುರುವಾದಾಗ ಹೇಳುವುದನ್ನು ಪೂರ್ತಿ ನಿಲ್ಲಿಸಬಹುದು.

ಸಮಬಲರ ನಡುವೆ ಬೀಜದ ಪದ್ಧತಿ ಬೇಡ. ನನಗೇ ಕಾಣದಿದ್ದ ಹೊಡೆತ ಎದುರಿನವರು ಕೇಳಿದ್ದರಿಂದಲೇ ಕಾಣಿಸಿಬಿಡುತ್ತದೆ, ಕೇಳಿದವರಿಗೇ ನಷ್ಟ. ಅಲ್ಲಿ ಆಟಕ್ಕೊಂದು ನಡೆ ಹಿಂಪಡೆಯಲು ಬಿಡುವುದು ಮೇಲು.

ಒಂದೇ ಕ್ರಮ ಎಲ್ಲ ಆಟಕ್ಕೂ ಹೊಂದುವುದಿಲ್ಲ. ಚೆಸ್‌ನಲ್ಲಿ ಚೆಕ್ ಹೇಳಿದರೆ ಏನೂ ಬಿಟ್ಟುಕೊಟ್ಟಂತಲ್ಲ, ರಾಜನನ್ನು ಅಪಾಯದಲ್ಲಿ ಬಿಡಲು ನಿಯಮವೇ ಒಪ್ಪುವುದಿಲ್ಲ. "ಮಂತ್ರಿಗೆ ಚೆಕ್" ಎನ್ನುವುದು ಮಾತ್ರ ನಿಜವಾದ ರಿಯಾಯಿತಿ. ಅದರಲ್ಲೊಂದು ಕೆಡುಕಿದೆ: ಮಂತ್ರಿ ಅಂದ ಕೂಡಲೇ ಕಣ್ಣು ಅಲ್ಲಿಗೆ ಹೋಗುತ್ತದೆ, ಆ ಕಡೆ ಒಂದೇ ನಡೆಯಲ್ಲಿ ಮೇಟ್ ಇದ್ದರೂ ಕಾಣುವುದಿಲ್ಲ. ಎರಡು ಅಪಾಯ ಇದ್ದಾಗ ಎರಡನ್ನೂ ಹೇಳಿ, ಇಲ್ಲವೇ ಒಂದನ್ನೂ ಹೇಳಬೇಡಿ. ಒಂದನ್ನೇ ಹೇಳುವುದು ದಾರಿ ತಪ್ಪಿಸಿದಂತೆ.

ಗೊಮೊಕುವಿನಲ್ಲಿ ಐದು ಕಲ್ಲು ಸಾಲಾಗಿ ಕೂರಬೇಕು. ಎರಡೂ ತುದಿ ತೆರೆದ ಮೂರನ್ನು ತಡೆಯದಿದ್ದರೆ ಅದು ಎರಡೂ ತುದಿ ತೆರೆದ ನಾಲ್ಕಾಗುತ್ತದೆ, ಆಮೇಲೆ ಒಂದು ಕಲ್ಲಿನಿಂದ ಎರಡು ತುದಿ ಮುಚ್ಚಲಾಗದು. ಹಾಗಾಗಿ ಇಲ್ಲಿ ನನ್ನ ಗಡಿಯನ್ನು ಒಂದು ನಡೆ ಮುಂದಕ್ಕೆ ಸರಿಸಿ, ತೆರೆದ "ಮೂರು" ಆದಾಗಲೇ ಹೇಳುತ್ತೇನೆ. ಒಂದೇ ಕಲ್ಲಿನಿಂದ ಎರಡು ತೆರೆದ ಮೂರು ಹುಟ್ಟಿದ ಮೇಲೆ ಹೇಳಿ ಫಲವಿಲ್ಲ, ಸಾಮಾನ್ಯವಾಗಿ ಅದು ಗೆದ್ದೆ ಎಂದು ಸಾರಿದ ಹಾಗೆ. ಆಗ ಆಟ ನಿಲ್ಲಿಸಿ ಎರಡು ನಡೆ ಹಿಂದಿನ ಕಲ್ಲುಗಳನ್ನು ತೆಗೆದು, ಆ ಎರಡು ಸಾಲು ಕೂಡುವ ಜಾಗವನ್ನು ಅವರೇ ಹುಡುಕಲಿ ಎಂದು ಬಿಡುತ್ತೇನೆ.

ಗೋ ಆಟದಲ್ಲಿ ಎಚ್ಚರಿಕೆ ಹಾನಿಯನ್ನೇ ಮಾಡುತ್ತದೆ. ಒಂದು ಕಲ್ಲಿಗೆ ಒಂದೇ ಉಸಿರು, ಅಂದರೆ ಅದಕ್ಕೆ ತಾಗಿದ ಒಂದೇ ಖಾಲಿ ಜಾಗ, ಉಳಿದರೆ ಅದು ಅತಾರಿ; ಅದೂ ಮುಚ್ಚಿದರೆ ಕಲ್ಲು ಹೋಯಿತು. "ಅತಾರಿ" ಎಂದು ಹೇಳಿದ ಕೂಡಲೇ ಹೊಸಬರು ಕಲ್ಲನ್ನು ಉದ್ದ ಬೆಳೆಸಿ ಓಡಿಸುತ್ತಾರೆ. ಮತ್ತೆ ಅತಾರಿ, ಮತ್ತೆ ಓಟ. ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಂಚು ಮುಟ್ಟಿದಾಗ, ಒಂದು ಕಲ್ಲು ಹೋಗಬೇಕಿದ್ದಲ್ಲಿ ಏಳು ಹೋಗಿರುತ್ತವೆ. ಆದ್ದರಿಂದ 9×9 ಹಲಗೆಯ ಮೊದಲ ಮೂರು ಆಟ ಬಿಟ್ಟರೆ ನಾನು ಅತಾರಿ ಅನ್ನುವುದಿಲ್ಲ. ಬದಲಿಗೆ "ಇದನ್ನು ಉಳಿಸಬೇಕಾ, ಬಿಡಬೇಕಾ?" ಎಂದು ಕೇಳುತ್ತೇನೆ.

ನಮ್ಮ ಆಡುಹುಲಿ ಆಟದಲ್ಲಿ ಎರಡು ಕಡೆಯ ಅಪಾಯವೂ ಒಂದೇ ತೆರನಲ್ಲ. 3 ಹುಲಿ, 15 ಆಡು ಇಟ್ಟು ಆಡುವ ಬಗೆಯಲ್ಲಿ 15ನ್ನೂ ಇಟ್ಟು ಮುಗಿಸುವ ತನಕ ಇಟ್ಟ ಆಡನ್ನು ಕದಲಿಸುವಂತಿಲ್ಲ. ಪಕ್ಕದ ಆಡಿನ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಅಲ್ಲಿಗೆ ಹಾರಿ ಆಡನ್ನು ತಿನ್ನುತ್ತದೆ, ತಪ್ಪಾಗಿ ಇಟ್ಟರೆ ತಿದ್ದಲು ದಾರಿಯಿಲ್ಲ. ಹಾಗಾಗಿ ಆಡಿನವರಿಗೆ ಇಡುವ ಹಂತದಲ್ಲಷ್ಟೇ, ಬೆರಳು ತೆಗೆಯುವ ಮೊದಲು, "ಹಿಂದಿನ ಮನೆ ಖಾಲಿ" ಎನ್ನುತ್ತೇನೆ. ಆಡುಗಳ ನಡುವೆ ಸಿಕ್ಕಿ ಹುಲಿ ಕಟ್ಟಿಬೀಳುವುದು ನಿಧಾನ. ಒಂದು ಹುಲಿಗೆ ಒಂದೇ ದಾರಿ ಉಳಿದಾಗ ಹೇಳಿದರೆ ತಡವಾಗಿರುತ್ತದೆ, ಎರಡು ಉಳಿದಾಗಲೇ ಹೇಳಬೇಕು.

ಸುತ್ತ ನಿಂತವರು ಬಾಯಿಬಿಡುವುದೇ ದೊಡ್ಡ ತೊಂದರೆ. ಕೇಳಿಸಿದ್ದನ್ನು ಕೇಳಿಸಲಿಲ್ಲ ಎನ್ನಲಾಗದು. ಅದಕ್ಕೆ ಅಪಾಯದಲ್ಲಿರುವವರು ಆ ಮಾತನ್ನು ಬಳಸಿಕೊಳ್ಳಬಹುದು, ಆದರೆ ಒಂದು ಬೀಜ ಎದುರಿನವರಿಗೆ ಕೊಡಬೇಕು. ಬೀಜ ಖಾಲಿಯಾಗಿದ್ದರೆ ಮುಂದಿನ ಆಟಕ್ಕೆ ಒಂದು ಕಡಿಮೆ ಇಟ್ಟುಕೊಂಡು ಕೂರಬೇಕು.