ಬೇಳೆ ಮಿಲ್ಲಿನ ಕಚೇರಿ ಮತ್ತು ಒಂದು ಫ್ಲ್ಯಾಶ್ ಗುಂಡಿ

ಕಲಬುರಗಿಯ ತೊಗರಿಬೇಳೆ ಮಿಲ್ಲೊಂದರ ಕಚೇರಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೊರಗಿನ ಲೈನುಗಳನ್ನು ಒಳಗಿನ ಫೋನುಗಳಿಗೆ ಜೋಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆ ನನ್ನ ಮೇಜಿನ ಹಿಂದಿನ ಗೋಡೆಯ ಮೇಲಿದೆ ಎಂಬ ಒಂದೇ ಕಾರಣಕ್ಕೆ ದೂರವಾಣಿಯ ಹೊಣೆಯೂ ನನ್ನ ಪಾಲಿಗೆ ಬಂತು. ಹೊರಗಿನಿಂದ ಎರಡು ಲೈನು, ಒಳಗೆ ಎಂಟು ಎಕ್ಸ್‌ಟೆನ್ಷನ್ ಫೋನು. ಇಷ್ಟಿದ್ದರೂ ಮೊದಮೊದಲು ಲಾತೂರಿನ ವ್ಯಾಪಾರಿಯ ಕರೆ ಬಂದರೆ ರಿಸೀವರನ್ನು ಮೇಜಿನ ಮೇಲಿಟ್ಟು, ಸಾಹುಕಾರರನ್ನು ಕರೆತರಲು ಹುಡುಗನನ್ನು ಓಡಿಸುತ್ತಿದ್ದೆವು.

ಕರೆಯನ್ನು ವರ್ಗಾಯಿಸಲು ಕಲಿತದ್ದು ಆಮೇಲೆ. ಫ್ಲ್ಯಾಶ್ ಗುಂಡಿ ಒತ್ತಿದರೆ ಹೊರಗಿನವರು ಹೋಲ್ಡ್‌ನಲ್ಲಿ ನಿಲ್ಲುತ್ತಾರೆ, ನಮಗೆ ಡಯಲ್ ಟೋನ್ ಕೇಳಿಸುತ್ತದೆ, ಎಕ್ಸ್‌ಟೆನ್ಷನ್ ಸಂಖ್ಯೆ ಒತ್ತಿ ರಿಸೀವರ್ ಇಟ್ಟರೆ ಕೆಲಸ ಮುಗಿಯಿತು. ಆದರೆ ಗೋದಾಮಿನಿಂದ ವರ್ಗಾಯಿಸಿದ ಕರೆ ಒಂದೂ ದಾಟುತ್ತಿರಲಿಲ್ಲ. ಅಲ್ಲಿಯ ಗುಮಾಸ್ತನಿಗೆ ಗುಂಡಿ ಒತ್ತಲು ಬರುವುದಿಲ್ಲವೆಂದು ತಿಂಗಳುಗಟ್ಟಲೆ ರೇಗಿದ್ದೇನೆ. ತಪ್ಪು ಅವನದಾಗಿರಲಿಲ್ಲ. ಫ್ಲ್ಯಾಶ್ ಗುಂಡಿ ಲೈನನ್ನು ಅರೆಗಳಿಗೆ ಕಡಿದು ಮತ್ತೆ ಜೋಡಿಸುತ್ತದೆ, ಅಷ್ಟೇ; ಆ ಕಡಿತ ತೀರಾ ಚಿಕ್ಕದಾದರೆ ಯಂತ್ರ ಅದನ್ನು ಗಮನಿಸುವುದೇ ಇಲ್ಲ, ತೀರಾ ದೀರ್ಘವಾದರೆ ಫೋನ್ ಇಟ್ಟುಬಿಟ್ಟರೆಂದು ತಿಳಿಯುತ್ತದೆ. ಗೋದಾಮಿನ ಫೋನಿನ ಅಡಿಯಲ್ಲಿದ್ದ ಪುಟ್ಟ ಸ್ವಿಚ್ 100 ಮಿಲಿಸೆಕೆಂಡಿನ ಗುರುತಿನ ಮೇಲಿತ್ತು, ಮಿಕ್ಕವು 600ರ ಮೇಲಿದ್ದವು. ಉಗುರಿನಿಂದ ಸರಿಸಿದೆ, ಸರಿಹೋಯಿತು. ಆ ಸಂಜೆ ಗುಮಾಸ್ತನಿಗೆ ಚಹಾ ನಾನೇ ಕುಡಿಸಿದೆ.

ಸಂಖ್ಯೆ ಒತ್ತಿದ ಕೂಡಲೇ ರಿಸೀವರ್ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವ ಜನವರಿಯಲ್ಲಿ ಒಂದೇ ದರವನ್ನು ಮೂವರ ಮುಂದೆ ಮೂರು ಸಲ ಹೇಳಬೇಕಾದ ವ್ಯಾಪಾರಿ ನಾಲ್ಕನೆಯ ಸಲ ಬೇರೆ ಮಿಲ್ಲಿಗೆ ಫೋನ್ ಮಾಡುತ್ತಾನೆ. ಆದ್ದರಿಂದ ಆ ಕಡೆಯವರು ಎತ್ತುವವರೆಗೆ ಕಾದು, 'ತಾಂಡೂರಿನವರು, ತೆಲುಗು ಮಾತಾಡ್ತಾರೆ, ಬೇಳೆ ದರ ಕೇಳ್ತಿದ್ದಾರ್ರೀ' ಎಂದು ತಿಳಿಸಿದ ಮೇಲೆಯೇ ರಿಸೀವರ್ ಇಡುತ್ತೇನೆ. ಮರಾಠಿ, ತೆಲುಗು, ಹಿಂದಿ, ಕನ್ನಡ ನಾಲ್ಕೂ ಬರುವ ಈ ಊರಿನಲ್ಲಿ ಯಾವ ಭಾಷೆಗೆ ಬಾಯಿ ಸಜ್ಜು ಮಾಡಿಕೊಳ್ಳಬೇಕೆಂದು ಮೊದಲೇ ತಿಳಿದರೆ ಅರ್ಧ ಕೆಲಸ ಹಗುರಾಗುತ್ತದೆ.

ಗೇಟಿನ ಫೋನನ್ನೂ ತೂಕದ ಕಟ್ಟೆಯ ಫೋನನ್ನೂ ಒಂದೇ ಪಿಕಪ್ ಗುಂಪಿಗೆ ಸೇರಿಸಿದ್ದರಿಂದ, ಒಂದು ಕಡೆ ಗಂಟೆ ಬಾರಿಸಿದರೆ ಇನ್ನೊಂದು ಕಡೆಯಿಂದಲೇ ಕೋಡ್ ಒತ್ತಿ ಮಾತಾಡಬಹುದು, ಓಡಾಟ ತಪ್ಪಿತು. ಕಾಲ್ ಫಾರ್ವರ್ಡ್ ಮಾತ್ರ ಎಚ್ಚರ ಬೇಡುತ್ತದೆ. ಒಂದು ಶನಿವಾರ ನನ್ನ ಕರೆಗಳನ್ನು ಗೋದಾಮಿಗೆ ತಿರುಗಿಸಿ, ಅದನ್ನು ರದ್ದು ಮಾಡದೆ ಮನೆಗೆ ಹೋಗಿದ್ದೆ. ಸೋಮವಾರ ಬೆಳಿಗ್ಗೆಯೆಲ್ಲ ಬೀಗ ಹಾಕಿದ ಗೋದಾಮಿನೊಳಗೆ ಫೋನ್ ಬಾರಿಸುತ್ತಿತ್ತು, ನಾನು ಈ ದಿನ ಗಿರಾಕಿಗಳೇ ಇಲ್ಲವಲ್ಲ ಎಂದುಕೊಂಡು ಕುಳಿತಿದ್ದೆ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಸಂಖ್ಯೆಯ ಮುಂದೆ ಸೊನ್ನೆ ಸೇರಿಸಬೇಕೆಂಬ ನಿಯಮ ಬಂದಾಗ ಹೊಸ ಗೊಂದಲ ಹುಟ್ಟಿತು. ನಮ್ಮ ಯಂತ್ರದಲ್ಲಿ ಹೊರಗಿನ ಲೈನು ಹಿಡಿಯುವುದಕ್ಕೂ ಸೊನ್ನೆಯೇ. ಬೀದರಿಗೆ 08482 ಒತ್ತುವಾಗ ಅದಕ್ಕೂ ಮೊದಲು ಒಂದು ಸೊನ್ನೆ ಹಾಕುತ್ತಿದ್ದವರು ಮೊಬೈಲಿಗೆ ಎರಡು ಸೊನ್ನೆ ಏಕೆಂದು ಕೇಳಿದರು. ಮೊದಲನೆಯದು ಪೆಟ್ಟಿಗೆಗೆ, ಎರಡನೆಯದು ಹೊರಗಿನ ಎಕ್ಸ್‌ಚೇಂಜಿಗೆ ಎಂದು ಚೀಟಿ ಬರೆದು ಪ್ರತಿ ಫೋನಿಗೂ ಅಂಟಿಸಿದೆ.

ವಿದ್ಯುತ್ ಹೋಗಿ ಬ್ಯಾಟರಿಯೂ ಬರಿದಾದರೆ ನಮ್ಮ ಪೆಟ್ಟಿಗೆ ಮೊದಲ ಲೈನನ್ನು ನೇರವಾಗಿ ಒಂದೇ ಫೋನಿಗೆ ಜೋಡಿಸುತ್ತದೆ. ಅದು ಸಾಹುಕಾರರ ಕೋಣೆಯ ಫೋನು. ಮೇ ತಿಂಗಳ ಮಧ್ಯಾಹ್ನಗಳಲ್ಲಿ ಪ್ರತಿ ಕರೆಯನ್ನೂ ಅವರೇ ಎತ್ತುತ್ತಾರೆ. ಆಗ ಫ್ಲ್ಯಾಶ್ ಒತ್ತಿದರೂ ಕೇಳುವ ಯಂತ್ರವಿರುವುದಿಲ್ಲವಾದ್ದರಿಂದ, ಬಾಗಿಲ ಕಡೆ ಮುಖಮಾಡಿ ನನ್ನ ಹೆಸರು ಕೂಗುತ್ತಾರೆ.