ವಿಲ್ ಬರೆಯುವಾಗ ಎಡವುವುದು ಸಾಕ್ಷಿಗಳಲ್ಲಿ

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು, ಅಷ್ಟೇ. ಆದರೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನೀವು ಅವರೆದುರು ಸಹಿ ಹಾಕಿ, ಅವರು ನಿಮ್ಮೆದುರೇ ಸಹಿ ಹಾಕಬೇಕು. ಮನೆಗೆ ಕಳಿಸಿ ಸಹಿ ತರಿಸಿದ ವಿಲ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ತಕರಾರು ಬಂದರೆ ಕನಿಷ್ಠ ಒಬ್ಬ ಸಾಕ್ಷಿ ಹೇಳಿಕೆ ಕೊಡಬೇಕಾಗುತ್ತದೆ, ಆದ್ದರಿಂದ ನಿಮಗಿಂತ ಚಿಕ್ಕವರನ್ನು ಆರಿಸಿ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಿದರೆ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ವಯಸ್ಸಾಗಿದ್ದರೆ, ಮನಸ್ಸು ಸ್ಥಿಮಿತದಲ್ಲಿದೆ ಎಂಬ ಅದೇ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ.

ಜಮೀನಿಗೆ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬರೆಯಿರಿ. 'ಊರಿನ ತೋಟ' ಎಂದರೆ ಸಾಲದು. ಹಿಂದೂ ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ಬರೆದುಕೊಡಬಹುದು. ಇಡೀ ಆಸ್ತಿ ಬರೆದಿಟ್ಟು ಹೋಗುವವರೇ ಹೆಚ್ಚು! ಬ್ಯಾಂಕಿನ ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ, ವಾರಸುದಾರರೇ ಆಗಬೇಕೆಂದಿಲ್ಲ.

ತೆರಿಗೆ? ಭಾರತದಲ್ಲಿ ಎಸ್ಟೇಟ್ ಡ್ಯೂಟಿ, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ, 1985ರಲ್ಲೇ ಹೋಯಿತು. ವಿಲ್ ಮೂಲಕ ಬಂದ ಆಸ್ತಿಗೆ ಆದಾಯ ತೆರಿಗೆಯೂ ಇಲ್ಲ. ಅದರ ಬಾಡಿಗೆಗೆ, ಮಾರಿದಾಗಿನ ಲಾಭಕ್ಕೆ ಇದೆ. ಆ ಲಾಭವನ್ನು ತೀರಿಕೊಂಡವರು ಕೊಂಡ ಬೆಲೆಯಿಂದ ಲೆಕ್ಕ ಹಾಕುತ್ತಾರೆ, ಹಾಗಾಗಿ ಹಳೆಯ ಕ್ರಯಪತ್ರವನ್ನು ವಿಲ್ ಜೊತೆಯಲ್ಲೇ ಇಡಿ.